ಏರ್‌ಬಸ್ ಎ320 ವಿಮಾನದಲ್ಲಿ ಯಾವ ಸೀಟು: ಎಕ್ಸಿಟ್ ಸಾಲೋ, ಮೊದಲ ಸಾಲೋ?

ಬೆಂಗಳೂರಿನಿಂದ ದೆಹಲಿಗೆ ಎರಡೂವರೆ ಗಂಟೆಗೂ ಜಾಸ್ತಿ ಕೂರಬೇಕು. ಕಾಲು ಉದ್ದ ಇದ್ದವರಿಗೆ ನಾನು ಹೇಳುವುದು ರೆಕ್ಕೆ ಮೇಲಿನ ಎಕ್ಸಿಟ್ ಸಾಲು, ಅಂದರೆ ತುರ್ತು ಬಾಗಿಲ ಪಕ್ಕದ ಸಾಲು. ಎ320ರಲ್ಲಿ ಅಂಥವು ಸಾಮಾನ್ಯವಾಗಿ ಎರಡು ಇರುತ್ತವೆ. ಮುಂದಿನದರ ಬೆನ್ನು ಹೆಚ್ಚಾಗಿ ಹಿಂದಕ್ಕೆ ಬಾಗುವುದಿಲ್ಲ. ಅದರ ಹಿಂದಿನ ಬಾಗಿಲಿಗೆ ದಾರಿ ಬಿಡಬೇಕು, ಅಲ್ವಾ? ಹಾಗಾಗಿ ಎರಡನೆಯದನ್ನೇ ಹಿಡಿಯಿರಿ. ಮಕ್ಕಳನ್ನು ಮಾತ್ರ ಇಲ್ಲಿ ಕೂರಿಸುವುದಿಲ್ಲ.

ಮೊದಲ ಸಾಲಿನವರು ಬೇಗ ಇಳಿಯಬಹುದು. ಮುಂದಿನವರು ಮೊಣಕಾಲಿನ ಮೇಲೆ ಸೀಟು ವಾಲಿಸುವ ಕಾಟವೂ ಇಲ್ಲ. ಆದರೆ ಟ್ರೇ ಆರ್ಮ್‌ರೆಸ್ಟ್ ಒಳಗಿಂದ ಬರುತ್ತದೆ. ಹಾಗಾಗಿ ಆರ್ಮ್‌ರೆಸ್ಟ್ ಮೇಲೆತ್ತಲು ಆಗುವುದಿಲ್ಲ, ಸೊಂಟದ ಹತ್ತಿರ ಇಕ್ಕಟ್ಟು. ಟೇಕಾಫ್ ಹೊತ್ತಿಗೆ ಕಾಲ ಬಳಿ ಬ್ಯಾಗ್ ಇಡುವಂತಿಲ್ಲ.

ಕುಲುಕಾಟಕ್ಕೆ ಹೆದರುವವರು ರೆಕ್ಕೆಯ ಆಸುಪಾಸು ಕೂರಲಿ, ಅಲ್ಲಿ ಕಡಿಮೆ. ಕೊನೆಯ ಸಾಲು ಬೇಡವೇ ಬೇಡ, ಟಾಯ್ಲೆಟ್ ಕ್ಯೂ ಭುಜಕ್ಕೇ ತಾಗುತ್ತದೆ.