ಸ್ಟೀಮ್‌ನಲ್ಲಿ ಎಂಟು ವರ್ಷ: ಒಂದು ಗೇಮ್‌ಗೆ ಎಷ್ಟು ಗಂಟೆ ದುಡಿಯಬೇಕು?

ಕಂಪ್ಯೂಟರ್ ಗೇಮ್‌ಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸ್ಟೀಮ್ ಅಂಗಡಿ ಬಳಸಲು ಶುರು ಮಾಡಿ ಎಂಟು ವರ್ಷ ಆಯ್ತು. ಲೈಬ್ರರಿಯಲ್ಲಿ 143 ಗೇಮ್ ಇವೆ. ಪೂರ್ತಿ ಆಡಿ ಮುಗಿಸಿದ್ದು ಮೂವತ್ತೂ ಇಲ್ಲ. ಸುಮಾರು ಐವತ್ತನ್ನು ಇನ್‌ಸ್ಟಾಲ್ ಕೂಡ ಮಾಡಿಲ್ಲ. ತಪ್ಪು ಸ್ಟೀಮ್‌ದಲ್ಲ, ನನ್ನದೇ. ವಿಮರ್ಶೆ ಬರೆಯುವವನ ಕೈ ಎಷ್ಟು ಬಿಗಿ ಅಂತ ಓದುವವರಿಗೆ ಮೊದಲೇ ಗೊತ್ತಿರಬೇಕು, ಅಲ್ವಾ?

ನನ್ನ ಮಟ್ಟಿಗೆ ಸ್ಟೀಮ್‌ನ ದೊಡ್ಡ ಗುಣ ದೇಶಕ್ಕೊಂದು ಬೆಲೆ. ಈ ಬೆಲೆಯನ್ನು ಸ್ಟೀಮ್ ನಡೆಸುವ ವಾಲ್ವ್ ಕಂಪನಿಯೇ ಇಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಗೇಮ್ ಹೊರತರುವವರು ಡಾಲರ್‌ನಲ್ಲಿ ಒಂದು ಬೆಲೆ ಹಾಕುತ್ತಾರೆ. ಬೇರೆ ಕರೆನ್ಸಿಗಳಲ್ಲಿ ಎಷ್ಟಿದ್ದರೆ ಚೆಂದ ಅಂತ ವಾಲ್ವ್ ಸಲಹೆ ಕೊಡುತ್ತದೆ. ವಿನಿಮಯ ದರದ ಜೊತೆ ಅಲ್ಲಿನ ಜನರ ಕೊಳ್ಳುವ ಶಕ್ತಿಯನ್ನೂ ನೋಡಿ ಕೊಡುವ ಸಲಹೆ ಅದು. ಒಪ್ಪುವುದು, ಬಿಡುವುದು ಗೇಮ್ ಹೊರತರುವವರ ಇಷ್ಟ. ಹಾಗಾಗಿ ಅಮೆರಿಕದಲ್ಲಿ ಒಂದೇ ಬೆಲೆಯ ಎರಡು ಗೇಮ್‌ಗಳಿಗೆ ಇನ್ನೊಂದು ದೇಶದಲ್ಲಿ ಬೇರೆ ಬೇರೆ ಬೆಲೆ ಇರುತ್ತದೆ. ನಾನು ಕಂಡಂತೆ ಗೇಮ್ ಮಾಡುವ ಸಣ್ಣ ತಂಡಗಳೇ ಈ ಸಲಹೆಯನ್ನು ಜಾಸ್ತಿ ಪಾಲಿಸುತ್ತವೆ.

2020ರಲ್ಲಿ ಹೊಸ ಕನ್ಸೋಲ್‌ಗಳು (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರಗಳು) ಬಂದಾಗ ದೊಡ್ಡ ಗೇಮ್‌ಗಳ ಬೆಲೆ 60 ಡಾಲರ್‌ನಿಂದ 70ಕ್ಕೆ ಏರತೊಡಗಿತು. ಹತ್ತು ಡಾಲರ್ ತಾನೇ ಅನ್ನಿಸಬಹುದು. ನಾನು ಲೆಕ್ಕ ಹಾಕುವುದು ಗಂಟೆಯಲ್ಲಿ. ಗಂಟೆಗೆ 20 ಡಾಲರ್ ದುಡಿಯುವವರಿಗೆ 70 ಡಾಲರಿನ ಗೇಮ್ ಅಂದರೆ ಮೂರೂವರೆ ಗಂಟೆ ಕೆಲಸ. ಗಂಟೆಗೆ 2 ಡಾಲರ್ ಸಿಗುವವರಿಗೆ 35 ಗಂಟೆ. ಅವರ ದೇಶದಲ್ಲಿ ಬೆಲೆ ಅರ್ಧ ಮಾಡಿದರೂ ಹದಿನೇಳೂವರೆ ಗಂಟೆ! "ನಿಮಗೇನಪ್ಪಾ, ಅಲ್ಲಿ ಅಗ್ಗ" ಅನ್ನುವವರು ಈ ಲೆಕ್ಕ ಮಾಡಿರುವುದಿಲ್ಲ. ಇನ್ನು ಗೇಮ್ ಆಡಲು ಕಂಪ್ಯೂಟರ್‌ಗೆ ಹಾಕುವ ಗ್ರಾಫಿಕ್ಸ್ ಕಾರ್ಡ್ ವಿಷಯ ಬೇಡವೇ ಬೇಡ. ಅದಕ್ಕೆ ಇಂಥ ರಿಯಾಯಿತಿ ಇಲ್ಲ, ಎಷ್ಟೋ ಕಡೆ ಮೇಲೆ ಆಮದು ಸುಂಕ ಬೇರೆ.

ಈ ಅಗ್ಗದ ಬೆಲೆ ಯಾವತ್ತೂ ಇರುತ್ತದೆ ಅಂತಲೂ ನಂಬಬೇಡಿ. 2023ರ ನವೆಂಬರ್‌ನಲ್ಲಿ ಅರ್ಜೆಂಟೀನಾದ ಪೆಸೊ, ಟರ್ಕಿಯ ಲಿರಾ ಎರಡೂ ಸ್ಟೀಮ್‌ನಿಂದ ಹೋದವು. ಎರಡೂ ಕರೆನ್ಸಿಗಳು ಕುಸಿಯುತ್ತಲೇ ಇದ್ದವು, ಬೆಲೆ ಇಡುವವರಿಗೆ ನೆಲೆಯೇ ಸಿಗುತ್ತಿರಲಿಲ್ಲ. ಬದಲಿಗೆ ಆ ಭಾಗಗಳಿಗೆಂದೇ ಬೇರೆ ಡಾಲರ್ ದರ ತಂದರು. ಆದರೂ ಎಷ್ಟೋ ಗೇಮ್‌ಗಳ ಬೆಲೆ ಹಲವು ಪಟ್ಟಾಯಿತು. ಅಗ್ಗಕ್ಕೆ ಸಿಗುತ್ತದೆ ಅಂತ ಸುಳ್ಳು ದೇಶ ತೋರಿಸಿ ಕೊಳ್ಳುತ್ತಿದ್ದ ಹೊರಗಿನವರಿಗೆ ಒಂದು ದಾರಿ ಮುಚ್ಚಿತು. ಪೆಟ್ಟು ಬಿದ್ದಿದ್ದು ಅಲ್ಲೇ ಸಂಬಳ ಎಣಿಸಿ ಬದುಕುವವರಿಗೆ. ವಿಪಿಎನ್ (ನೀವಿರುವ ದೇಶವನ್ನು ಮರೆಮಾಡುವ ಸಾಫ್ಟ್‌ವೇರ್) ಹಾಕಿ ಬೇರೆ ದೇಶದ ಬೆಲೆಗೆ ಕೊಳ್ಳುವ ಯೋಚನೆ ನಿಮಗಿದ್ದರೆ ಬಿಟ್ಟುಬಿಡಿ. ಖಾತೆಗೇ ಕುತ್ತು.

ನನ್ನ ಬಜೆಟ್ ಸರಳ. ತಿಂಗಳಿಗೆ ಇಷ್ಟೇ ಅಂತ ಸ್ಟೀಮ್ ವಾಲೆಟ್‌ಗೆ ಹಾಕುತ್ತೇನೆ, ಕಾರ್ಡ್ ವಿವರ ಸೇವ್ ಮಾಡಿಲ್ಲ. ಹೊಸ ಗೇಮ್ ಬಂದ ದಿನವೇ ಕೊಳ್ಳುವುದಿಲ್ಲ. ಸೈಬರ್‌ಪಂಕ್ 2077 ಅನ್ನುವ ಗೇಮ್ ಬಂದಿದ್ದು 2020ರ ಡಿಸೆಂಬರ್‌ನಲ್ಲಿ, ಅದನ್ನು ತುಂಬಾ ಸುಧಾರಿಸಿದ 2.0 ಅಪ್‌ಡೇಟ್ ಬಂದಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಕಾದವರಿಗೆ ಕಡಿಮೆ ದುಡ್ಡಿಗೆ ಇನ್ನೂ ಚೆನ್ನಾಗಿರುವ ಗೇಮ್ ಸಿಕ್ಕಿತು. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಇದನ್ನು ಆರು ಸಲ ಬಳಸಿದ್ದೇನೆ, ಒಮ್ಮೆಯೂ ತಕರಾರು ಆಗಿಲ್ಲ.

ಸೇಲ್ ಮಾತ್ರ ನನ್ನ ದೌರ್ಬಲ್ಯ. 80% ಕಡಿತ ಅಂದಾಗ ಉಳಿಸಿದ್ದು ಕಾಣುತ್ತದೆ, ಖರ್ಚು ಮಾಡಿದ್ದು ಕಾಣುವುದಿಲ್ಲ. ಖಾತೆಯ ಡೇಟಾ ಪುಟದಲ್ಲಿ ಇದುವರೆಗಿನ ಒಟ್ಟು ಖರ್ಚು ಸಿಗುತ್ತದೆ. ಧೈರ್ಯ ಇದ್ದರೆ ನೋಡಿ. ನಾನು ನೋಡಿದ ಮೇಲೆ ಎರಡು ಸೇಲ್ ಸುಮ್ನೆ ಬಿಟ್ಟೆ.

ಈಗ ವಿಶ್‌ಲಿಸ್ಟ್‌ನಲ್ಲಿ 22 ಗೇಮ್ ಇವೆ. ಮೊದಲನೆಯದು ಇನ್ನೂ ಎಂಟು ಗಂಟೆಯ ಸಂಬಳ ಕೇಳುತ್ತಿದೆ. ಮೂರಕ್ಕೆ ಇಳಿಯಲಿ, ನೋಡೋಣ.