ಆಫ್ ಬಟನ್ ಇಲ್ಲದ ಟೈಮರ್ ರಿಮೋಟ್: ಎರಡು ವರ್ಷ ಬಳಸಿದ ಮೇಲೆ

ಹೇಳಿದಷ್ಟು ಹೊತ್ತಿಗೊಮ್ಮೆ ಕ್ಯಾಮೆರಾದಿಂದ ತಾನೇ ಫೋಟೋ ತೆಗೆಸುವ ಈ ರಿಮೋಟಿಗೆ ಆಫ್ ಬಟನ್ ಇಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಕಾಲೇಜಿನ ಕಿರುಚಿತ್ರಕ್ಕೆ ಟೈಮ್‌ಲ್ಯಾಪ್ಸ್ (ಗಂಟೆಗಟ್ಟಲೆ ನಡೆಯುವುದನ್ನು ಸೆಕೆಂಡುಗಳಲ್ಲಿ ತೋರಿಸುವ ದೃಶ್ಯ) ಮಾಡಲು 1,100 ರೂಪಾಯಿ ಕೊಟ್ಟು ತರಿಸಿದ್ದೆ. ನಮ್ಮ ಇಡೀ ಚಿತ್ರದ ಬಜೆಟ್ಟೇ 8,000. ಕ್ಯಾಮೆರಾ ಕಂಪನಿಯದೇ ರಿಮೋಟ್ ಕೊಳ್ಳುವ ಮಾತೇ ಇರಲಿಲ್ಲ.

ಕೊನೆಯ ದೃಶ್ಯಕ್ಕೆ ಅಜ್ಜಿ ಮನೆಯ ಬ್ರಹ್ಮಕಮಲ ಅರಳಬೇಕಿತ್ತು. ಅರಳಿದ ಹೂವು ಬೆಳಗಾಗುವಷ್ಟರಲ್ಲಿ ಬಾಡುತ್ತದೆ, ಎರಡನೇ ಟೇಕ್ ಇಲ್ಲ. ರಾತ್ರಿ 7ರಿಂದ 12, 30 ಸೆಕೆಂಡಿಗೊಂದು ಫೋಟೋ. ಒಟ್ಟು 600. ಸೆಕೆಂಡಿಗೆ 24 ಫ್ರೇಮಿನಂತೆ ಜೋಡಿಸಿದರೆ 25 ಸೆಕೆಂಡಿನ ದೃಶ್ಯ. ಫ್ಯಾನ್ ನಿಲ್ಲಿಸಿದೆ. ಟ್ಯೂಬ್‌ಲೈಟ್ ಸ್ವಿಚ್ಚಿಗೆ ಪ್ಲಾಸ್ಟರ್ ಅಂಟಿಸಿದೆ. ಹೂವು ನೋಡಲು ಬಂದ ಅಕ್ಕಪಕ್ಕದವರಿಗೆ ಮೊಬೈಲ್ ಫ್ಲ್ಯಾಶ್ ಬೇಡ ಅಂತ ಕೈಮುಗಿದೆ.

ಹತ್ತೂಮುಕ್ಕಾಲಿಗೆ ರಿಮೋಟಿನ ಪರದೆ ಖಾಲಿ! ಎರಡು ತಿಂಗಳು ಡ್ರಾಯರಿನಲ್ಲಿ ಸುಮ್ನೆ ಬಿದ್ದಿದ್ದಾಗಲೇ ಸೆಲ್ ಬಹುಪಾಲು ತಿಂದುಬಿಟ್ಟಿತ್ತು. ಗೋಡೆ ಗಡಿಯಾರದ ಸೆಲ್ ದಪ್ಪ, ಕೂರಲಿಲ್ಲ. ಕೊನೆಗೆ ಅಜ್ಜಿಯ ಟಿವಿ ರಿಮೋಟ್ ಬಿಚ್ಚಿದೆ. ಅಷ್ಟರಲ್ಲಿ 12 ನಿಮಿಷ ಹೋಗಿತ್ತು. ಅಂದರೆ 24 ಫ್ರೇಮ್, ಸರಿಯಾಗಿ ಒಂದು ಸೆಕೆಂಡ್. ಚಿತ್ರದಲ್ಲಿ ಹೂವು ಅಲ್ಲೊಮ್ಮೆ ಬೆಚ್ಚಿಬೀಳುತ್ತದೆ. ನೋಡಿದವರು ಅದನ್ನೇ ಹೊಗಳಿದರು, ನಾನೂ ಬಾಯಿ ಬಿಡಲಿಲ್ಲ.

ಅವತ್ತಿನಿಂದ ಒಂದು ಅಭ್ಯಾಸ. ಶೂಟಿಂಗ್ ಮುಗಿದ ತಕ್ಷಣ ಒಂದು ಸೆಲ್ ತೆಗೆದು ತಲೆಕೆಳಗಾಗಿ ಹಾಕಿ ಮುಚ್ಚಳ ಮುಚ್ಚುತ್ತೇನೆ, ಸುಮ್ನೆ ಬಿದ್ದಾಗ ಸೆಲ್ ತಿನ್ನದಿರಲಿ ಅಂತ. ಟಿಫನ್ ಬಾಕ್ಸ್ ತೊಳೆದಿಟ್ಟಷ್ಟೇ ಸಹಜವಾಗಿದೆ ಈಗ.

ಸೆಲ್ ವಿಷಯ ಬಿಟ್ಟರೆ ಬೈಯಲು ಮನಸ್ಸಾಗುತ್ತಿಲ್ಲ. ಚಾಮುಂಡಿ ಬೆಟ್ಟದ ಮೋಡಕ್ಕೆ 5 ಸೆಕೆಂಡ್, ಅಂಗಳದ ನೆರಳಿಗೆ ಒಂದು ನಿಮಿಷ, ಹೇಳಿದಷ್ಟಕ್ಕೆ ಟಕ್ ಅನ್ನುತ್ತದೆ. ಇದುವರೆಗೆ ಒಂದು ಫ್ರೇಮನ್ನೂ ತಾನಾಗಿ ತಪ್ಪಿಸಿಲ್ಲ. ದೃಶ್ಯ ಮಿಣುಕಿದರೆ ಇದನ್ನು ದೂರಬೇಡಿ. ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಂಡಿ, ಪ್ರತಿ ಸಲ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಮುಚ್ಚಿಕೊಳ್ಳುತ್ತದೆ, ಅದರ ಕಾಟ ಅದು. ನಾನು ಅಪರ್ಚರನ್ನು ಪೂರ್ತಿ ತೆರೆದೇ ಇಡುತ್ತೇನೆ. ಆಗ ಅದು ಮುಚ್ಚುವ ಪ್ರಶ್ನೆಯೇ ಇಲ್ಲ. ಹಿನ್ನೆಲೆ ಮಸುಕಾಗುತ್ತದೆ, ಹೂವಿಗೆ ಅದೇ ಚೆಂದ ಅಲ್ವಾ?

ನೀವು ಸೆಲ್ ತೆಗೆದಿಡುವ ಜಾತಿಯವರಾದರೆ ಧೈರ್ಯವಾಗಿ ಕೊಳ್ಳಿ. ಮರೆವು ಜಾಸ್ತಿ ಇದ್ದರೆ ಬೇಡ.

ಮೊನ್ನೆ ಅಜ್ಜಿ ಫೋನ್ ಮಾಡಿದ್ದರು. "ಮೂರು ಮೊಗ್ಗು ಬಿಟ್ಟಿದೆ ಕಣೋ. ಬರುವಾಗ ಸೆಲ್ ತಗೊಂಡು ಬಾ, ನನ್ನ ಧಾರಾವಾಹಿ ಹೊತ್ತಿಗೆ ರಿಮೋಟ್ ಮುಟ್ಟಬೇಡ."