ಹಸುವಿನ ವಿಮೆ ಎಲ್ಲಿ ಮಾಡಿಸಬೇಕು? ಮೂರು ದಾರಿ, ಮೂರು ಅಂಕ

ತೀರ್ಥಹಳ್ಳಿ, ಹೊಸನಗರ ಕಡೆ ಕರೆಯುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್), ಜರ್ಸಿ ಮಿಶ್ರತಳಿ ಹಸುಗಳಿಗೆ ವಿಮೆ ಮಾಡಿಸಲು ಮೂರು ದಾರಿ ಇವೆ. ಒಂದು, ಪಶುಪಾಲನಾ ಇಲಾಖೆಯ ಸಹಾಯಧನದ ಯೋಜನೆ. ಎರಡು, ಊರಿನ ಹಾಲು ಉತ್ಪಾದಕರ ಸಂಘದ ಮೂಲಕ ಆಗುವ ಗುಂಪು ವಿಮೆ. ಮೂರು, ವಿಮಾ ಕಂಪನಿಯ ಶಾಖೆಗೆ ನೇರ ಹೋಗಿ ಅಥವಾ ಹೈನು ಸಾಲದ ಜೊತೆ ಬ್ಯಾಂಕಿನಲ್ಲಿ ಮಾಡಿಸುವುದು. ಮೂರನ್ನೂ ವರ್ಷಗಟ್ಟಲೆ ಬಳಸಿದ ಮೇಲೆ ನಾವು ಕೊಡುವ ಅಂಕ ಹೀಗಿದೆ: 5ಕ್ಕೆ ಇಲಾಖೆಗೆ 4, ಸಂಘಕ್ಕೆ 3.5, ನೇರಕ್ಕೆ 2.5.

ಅಂಕ ಕಂಪನಿಗಲ್ಲ, ದಾರಿಗೆ. ಯಾವ ದಾರಿಯಲ್ಲಿ ಹೋದರೂ ಕೊನೆಗೆ ಪಾಲಿಸಿ ಬರೆಯುವುದು ಯಾವುದೋ ಒಂದು ಸಾಮಾನ್ಯ ವಿಮಾ ಕಂಪನಿಯೇ. ಷರತ್ತುಗಳೂ ಹೆಚ್ಚುಕಡಿಮೆ ಒಂದೇ. ಆಷಾಢದ ಮಳೆಯಲ್ಲಿ, ಭಾನುವಾರ, ಹಸು ಸತ್ತುಬಿದ್ದರೆ ಯಾರು ಬಂದು ನೋಡುತ್ತಾರೆ, ಕಾಗದಕ್ಕೆ ಯಾರು ಓಡಾಡುತ್ತಾರೆ ಅನ್ನುವುದರಲ್ಲಿ ವ್ಯತ್ಯಾಸ ಇರುವುದು.

ವಿಮೆಯ ಕಂತು (ಪ್ರೀಮಿಯಂ) ಏರಿದ್ದು ಎಲ್ಲಿ

ಶೇಕಡಾವಾರು ದರ ನೋಡಿದರೆ ಅಷ್ಟೇನೂ ಗಾಬರಿಯಾಗುವುದಿಲ್ಲ. ಏರಿರುವುದು ಮುಖ್ಯವಾಗಿ ಹಸುವಿನ ಬೆಲೆ. ದರ ಹಸುವಿನ ಬೆಲೆಯ ಶೇ 4 ಅಂತ ಇಟ್ಟುಕೊಳ್ಳಿ. 40,000 ರೂಪಾಯಿಯ ಹಸುವಿಗೆ ಕಂತು 1,600. ಅದೇ ಮಟ್ಟದ ಹಸುವಿಗೆ ಈಗ 70,000 ಕೊಡಬೇಕಾದರೆ ಕಂತು 2,800 ಆಗುತ್ತದೆ. ನೇರ ಪಾಲಿಸಿಯಾದರೆ ಇದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 504 ಸೇರಿ 3,304. ನಾಲ್ಕು ಹಸು ಇದ್ದವರಿಗೆ ವರ್ಷಕ್ಕೆ 13,000 ದಾಟಿತು. ಹಾಲಿನ ಬಟವಾಡೆಯಲ್ಲಿ ಹಿಂಡಿಯ ಬಾಕಿ ಮುರಿದುಕೊಂಡ ಮೇಲೆ ಈ ಮೊತ್ತ ಹೊಂದಿಸುವುದು ಸಲೀಸಲ್ಲ.

ಕಂಪನಿ ಕಡೆಯೂ ಕಾರಣ ಇದೆ. 2022ರ ಚರ್ಮಗಂಟು ರೋಗ ಒಂದು. ಇನ್ನೊಂದು ನಮ್ಮದೇ ಅಭ್ಯಾಸ: ಗಟ್ಟಿಮುಟ್ಟಾದ ಹಸುವನ್ನು ಬಿಟ್ಟು, ವಯಸ್ಸಾದ್ದಕ್ಕೆ, ಕರು ಹಾಕುವಾಗ ಒಮ್ಮೆ ತೊಂದರೆಯಾದದ್ದಕ್ಕೆ ಮಾತ್ರ ವಿಮೆ ಮಾಡಿಸುತ್ತೇವೆ. ಅಂಥವೇ ಪಟ್ಟಿಯಲ್ಲಿ ತುಂಬಿದರೆ ಕ್ಲೈಮ್ ಜಾಸ್ತಿ, ಮುಂದಿನ ವರ್ಷದ ದರವೂ ಜಾಸ್ತಿ. ಸಂಘದ ಗುಂಪು ವಿಮೆ ಅಗ್ಗವಾಗಿ ಸಿಗುವುದಕ್ಕೆ ಮುಖ್ಯ ಕಾರಣ, ಅಲ್ಲಿ ಒಳ್ಳೆಯ ಹಸುಗಳೂ ಸೇರಿರುತ್ತವೆ.

ಇಲಾಖೆಯ ದಾರಿಗೆ 4 ಅಂಕ ಬಂದದ್ದು ಲೆಕ್ಕ ನೋಡಿ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟ, ಇಲಾಖೆಯ ಈ ವಿಮೆ ನಡೆಯುವ ರಾಷ್ಟ್ರೀಯ ಜಾನುವಾರು ಮಿಷನ್‌ಗೆ ತಿದ್ದುಪಡಿ ತಂದು ಕಂತಿನಲ್ಲಿ ರೈತರ ಪಾಲನ್ನು ಶೇ 15ಕ್ಕೆ ಇಳಿಸಿತು. ಅದಕ್ಕೆ ಮೊದಲು ಈ ಪಾಲು ಶೇ 20ರಿಂದ 50ರವರೆಗೆ ಇತ್ತು. ಉಳಿದದ್ದನ್ನು ಕೇಂದ್ರ, ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಮೇಲಿನ 2,800ರಲ್ಲಿ ಶೇ 15 ಅಂದರೆ 420 ರೂಪಾಯಿ. (ಕುದುರೆ, ಕತ್ತೆಯಂಥ ಹೇರು ಪ್ರಾಣಿಗಳಿಗೂ ಇದೇ ಯೋಜನೆ ಇದೆ. ನಮ್ಮಲ್ಲಿ ಕೇಳುವವರು ಕಡಿಮೆ, ಅಷ್ಟೇ.) ಒಂದಂಕ ಕಳೆದದ್ದು ಯಾಕೆಂದರೆ ಇದು ವರ್ಷವಿಡೀ ತೆರೆದಿರುವ ಬಾಗಿಲಲ್ಲ. ಅನುದಾನ, ಗುರಿ ಮುಗಿದರೆ ಪಶು ಆಸ್ಪತ್ರೆಯಲ್ಲಿ ‘ಈಗ ಇಲ್ಲ’ ಅನ್ನುತ್ತಾರೆ. ಪಾಲಿಸಿ ತುಂಡಾದರೆ ಕಾಯುವ ಅವಧಿ (ಕಾಯಿಲೆಯ ಸಾವಿಗೆ ರಕ್ಷೆ ಇಲ್ಲದ ಮೊದಲ ಕೆಲವು ವಾರ) ಮತ್ತೆ ಮೊದಲಿನಿಂದ ಶುರು. ಅದಕ್ಕೇ ಮೂರು ವರ್ಷದ ಪಾಲಿಸಿ ಸಿಕ್ಕರೆ ಅದನ್ನೇ ಹಿಡಿಯಿರಿ. ಒಂದೊಂದೇ ವರ್ಷ ಮೂರು ಸಲ ಕಟ್ಟುವುದಕ್ಕಿಂತ ಒಟ್ಟು ಕಂತು ಕಡಿಮೆ ಬೀಳುತ್ತದೆ, ನಡುವೆ ತುಂಡಾಗುವ ಭಯವೂ ಇಲ್ಲ. ಏಳೆಂಟು ವರ್ಷ ದಾಟಿದ ಹಸುವಿಗೆ ಮಾತ್ರ ಒಂದು ವರ್ಷದ್ದೇ ಸಾಕು. ಕರೆಯುವ ಹಸುವಿಗೆ ಸಾಮಾನ್ಯವಾಗಿ 10 ವರ್ಷ, ಎಮ್ಮೆಗೆ 12 ವರ್ಷ ಮಿತಿ.

ಬೆಲೆ ಬರೆಸುವಾಗ

ಅರ್ಧ ತಕರಾರು ಹುಟ್ಟುವುದು ಇಲ್ಲೇ. ಶಿಬಿರದಲ್ಲಿ ಇಡೀ ಊರಿನ ಹಸುಗಳಿಗೆ ಒಂದೇ ಮೊತ್ತ ಬರೆದುಬಿಡುವುದು ವಾಡಿಕೆ. ಹಾಗೆ ಬಿಡಬೇಡಿ. ಮಿಷನ್‌ನ 2014ರ ಮಾರ್ಗಸೂಚಿಯಲ್ಲಿ ದಿನದ ಒಂದು ಲೀಟರ್ ಹಾಲಿಗೆ ಹಸುವಾದರೆ 3,000, ಎಮ್ಮೆಯಾದರೆ 4,000 ರೂಪಾಯಿ ಅಥವಾ ಸ್ಥಳೀಯ ಮಾರುಕಟ್ಟೆ ಬೆಲೆ ಅನ್ನುವ ಅಳತೆ ಇತ್ತು. 12 ಲೀಟರ್ ಹಸುವಿಗೆ ಮೊದಲ ಲೆಕ್ಕದಲ್ಲಿ 36,000 ಮಾತ್ರ. ಆ ದುಡ್ಡಿಗೆ ಈಗ ಅಂಥ ಹಸು ಎಲ್ಲಿ ಸಿಗುತ್ತದೆ? ಎಷ್ಟನೇ ಸೂಲು, ಎರಡು ಹೊತ್ತಿನ ಹಾಲು ಎಷ್ಟು, ಗಬ್ಬವೋ ಅಲ್ಲವೋ ಎಂಬುದನ್ನು ಆರೋಗ್ಯ ಪ್ರಮಾಣಪತ್ರದಲ್ಲಿ ಬರೆಸಿ, ಸಂಘದ ಹಾಲಿನ ಪುಸ್ತಕದ ಪ್ರತಿ ಲಗತ್ತಿಸಿ.

ಜಾಸ್ತಿ ಬರೆಸಿಯೂ ಪ್ರಯೋಜನವಿಲ್ಲ. ಪಾಲಿಸಿಯ ಮೊತ್ತ, ಕಾಯಿಲೆ ಬೀಳುವ ಮೊದಲಿನ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಂಪನಿ ಕೊಡುತ್ತದೆ.

ಕಿವಿಯೋಲೆ

ಓಲೆ ಅಂದರೆ ಗುರುತಿಗಾಗಿ ಹಸುವಿನ ಕಿವಿಗೆ ಹಾಕುವ ಸಂಖ್ಯೆಯ ಬಿಲ್ಲೆ. ಅದು ಇಲ್ಲದಿದ್ದರೆ ಕ್ಲೈಮ್ ಇಲ್ಲ. ಮಲೆನಾಡಿನಲ್ಲಿ ಕ್ಲೈಮ್ ಬಿದ್ದುಹೋಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಮೇಯಲು ಬಿಟ್ಟ ಹಸು ಲಂಟಾನದ ಪೊದೆಗೆ, ಮುಳ್ಳುತಂತಿ ಬೇಲಿಗೆ ತಲೆ ಹಾಕುತ್ತದೆ, ಓಲೆ ಕಿವಿ ಸಮೇತ ಹರಿದು ಹೋಗುತ್ತದೆ. ಓಲೆಯನ್ನು ಕಿವಿಯ ಅಂಚಿಗೆ ಹಾಕಿಸಬಾರದು. ನಡುಭಾಗದಲ್ಲಿ, ಎರಡು ಉಬ್ಬುಗೆರೆಗಳ ಮಧ್ಯೆ, ರಕ್ತನಾಳ ತಪ್ಪಿಸಿ ಹಾಕಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಕಿಸಿದರೆ ಗಾಯ ಒಣಗದೆ ನೊಣ ಕೂತು ಹುಳವಾಗುತ್ತದೆ. ಹಾಗಾಗಿ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಮಳೆಗಾಲದಲ್ಲೇ ಹಾಕಿಸಬೇಕಾಗಿ ಬಂದರೆ ಟಿಂಚರ್ ಅಯೋಡಿನ್ ಹಚ್ಚಿ, ಸುತ್ತ ಬೇವಿನೆಣ್ಣೆ ಸವರಿ, ಒಂದು ವಾರ ದಿನಾ ನೋಡಿ.

ಓಲೆಯ 12 ಅಂಕಿಯ ಸಂಖ್ಯೆಯನ್ನು ಪಾಲಿಸಿಯಲ್ಲಿರುವ ಸಂಖ್ಯೆಯೊಂದಿಗೆ ಅಂಕಿ ಅಂಕಿ ತಾಳೆ ನೋಡಿ. ಒಂದು ಅಂಕಿ ಹಿಂದುಮುಂದಾದರೂ ಅದು ಬೇರೆ ಹಸು ಅಂತಲೇ ಲೆಕ್ಕ. ಹಸು, ಕಿವಿ, ಮಾಲೀಕ ಮೂರೂ ಕಾಣುವ ಒಂದು ಫೋಟೊ, ಓಲೆಯ ಹತ್ತಿರದ ಒಂದು ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಓಲೆ ಬಿದ್ದುಹೋದರೆ ಅದೇ ದಿನ ಕಂಪನಿಗೆ ಲಿಖಿತವಾಗಿ ತಿಳಿಸಿ, ಹೊಸ ಓಲೆ ಹಾಕಿಸಿ, ಪಾಲಿಸಿಗೆ ಆ ಸಂಖ್ಯೆ ಸೇರಿಸಿದ ಕಾಗದ ಪಡೆಯಿರಿ. ಬಾಯಿಮಾತಿನಲ್ಲಿ ‘ಹೇಳಿದ್ದೆ’ ಅಂದರೆ ಕೇಳುವವರಿಲ್ಲ.

ಹಸು ಸತ್ತಾಗ

ಕಂಪನಿಗೆ ತಕ್ಷಣ, 24 ಗಂಟೆಯೊಳಗೆ ತಿಳಿಸಬೇಕು. ಫೋನ್ ಜೊತೆಗೆ ಒಂದು ಮೆಸೇಜ್ ಅಥವಾ ಇಮೇಲ್ ಇರಲಿ, ಹೊತ್ತು ದಾಖಲಾಗುತ್ತದೆ. ಹೊಸನಗರದ ಒಳಹಳ್ಳಿಗಳಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತುವುದೂ ಈ 24 ಗಂಟೆಯಲ್ಲೇ ಬರುತ್ತದೆ. ಮರಣೋತ್ತರ ಪರೀಕ್ಷೆ ಆಗುವವರೆಗೆ ಹೂಳಬಾರದು, ಓಲೆ ಕೀಳಬಾರದು. ಓಲೆ ಕಿವಿಯಲ್ಲಿರುವಂತೆಯೇ ಫೋಟೊ ತೆಗೆದು, ಆಮೇಲೆ ವೈದ್ಯರ ಎದುರೇ ತೆಗೆಸಿ ಅರ್ಜಿಯ ಜೊತೆ ಕೊಡಬೇಕು. ಇಲಾಖೆಯ ದಾರಿಯ ನಿಜವಾದ ಲಾಭ ಇಲ್ಲಿದೆ: ಓಲೆ ಹಾಕಿದ ವೈದ್ಯರೇ ಮರಣ ಪ್ರಮಾಣಪತ್ರವನ್ನೂ ಬರೆಯುತ್ತಾರೆ. ನೇರ ಪಾಲಿಸಿಯಲ್ಲಿ ಕಂಪನಿಯ ತನಿಖೆಯವರು ಶಿವಮೊಗ್ಗದಿಂದ ಬರುವವರೆಗೆ ಹೆಣ ಕಾಯಬೇಕಾಗಬಹುದು. ಮಳೆಗಾಲದಲ್ಲಿ ಎರಡನೇ ದಿನಕ್ಕೆ ಅದು ಆಗದ ಮಾತು.

ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗದ (ಆಂಥ್ರಾಕ್ಸ್) ಅನುಮಾನ. ಆಗ ಹೆಣ ಕೊಯ್ಯಲೇಬಾರದು, ಮನುಷ್ಯರಿಗೂ ತಗಲುತ್ತದೆ. ರಕ್ತಲೇಪನದ ಪರೀಕ್ಷೆಯ ಮೇಲೆ ವೈದ್ಯರು ಪ್ರಮಾಣಪತ್ರ ಕೊಡುತ್ತಾರೆ. ‘ಕೊಯ್ದಿಲ್ಲ, ಹಾಗಾಗಿ ವರದಿ ಅಪೂರ್ಣ’ ಎಂಬ ತಕರಾರು ಬಂದರೆ ಈ ಕಾರಣವನ್ನೇ ವೈದ್ಯರಿಂದ ಬರೆಸಿ ಕಳಿಸಿ.

ಯೋಜನೆಯ ಪಾಲಿಸಿಗೆ ಬೇಕಾದ ಕಾಗದ ನಾಲ್ಕೇ: ಸಾವಿನ ಸೂಚನೆ, ಪಾಲಿಸಿ, ಕ್ಲೈಮ್ ಅರ್ಜಿ, ಮರಣ ಪ್ರಮಾಣಪತ್ರ. ಕಾಗದ ಪೂರ್ತಿಯಾದ 15 ದಿನದೊಳಗೆ ದುಡ್ಡು ಬರಬೇಕು, ತಡವಾದರೆ ವಾರ್ಷಿಕ ಶೇ 12 ಬಡ್ಡಿ ಅಂತ ಮಾರ್ಗಸೂಚಿಯಲ್ಲೇ ಇದೆ. ಇಷ್ಟನ್ನು ಕ್ಲೈಮ್ ಅರ್ಜಿಯ ಕೆಳಗೆ ಒಂದು ಸಾಲಾಗಿ ಬರೆದರೆ ಕೆಲಸ ಬೇಗ ಸಾಗುತ್ತದೆ.

ಯಾವುದಕ್ಕೆ ಸಿಗುವುದಿಲ್ಲ

ಕಾಯಿಲೆಯ ಸಾವಿಗೆ ಮೊದಲ ಎರಡು ಮೂರು ವಾರ ರಕ್ಷೆ ಇಲ್ಲ. ಎಷ್ಟು ದಿನ ಅನ್ನುವುದನ್ನು ಪಾಲಿಸಿಯಲ್ಲೇ ಓದಿ. ಹಾವು ಕಡಿತ, ಸಿಡಿಲು, ಗುಂಡಿಗೆ ಬೀಳುವುದು ಅಪಘಾತ, ಅವಕ್ಕೆ ಈ ಕಾಯುವಿಕೆ ಇಲ್ಲ. ಕಳವಿಗೆ ಸಿಗುವುದಿಲ್ಲ. ಚಪ್ಪೆ ಬೇನೆ, ಗಳಲೆ ರೋಗ, ನೆರಡಿ, ಉಣುಗಿನಿಂದ ಹರಡುವ ಥೈಲೇರಿಯಾದಂಥ ರೋಗಗಳಿಗೆ ಲಸಿಕೆಯ ದಾಖಲೆ ಕೇಳುತ್ತಾರೆ. ಉಣುಗಿನ ಕಾಟ ಇರುವ ಕಾಡಂಚಿನಲ್ಲಿ ಥೈಲೇರಿಯಾ ಸಾಮಾನ್ಯ, ಆದ್ದರಿಂದ ಲಸಿಕೆಯ ಚೀಟಿ ಪಾಲಿಸಿಯ ಜೊತೆಗೇ ಇರಲಿ. ಬೋರ್ಡೊ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಿಸಿದ ಅಡಿಕೆ ತೋಟದಲ್ಲಿ ಮೇಯ್ದು ಸತ್ತರೆ ನಿರ್ಲಕ್ಷ್ಯ ಅಂತ ತಳ್ಳಿಹಾಕುವ ಸಾಧ್ಯತೆ ಇದೆ. ಕೊಳೆರೋಗದ ಔಷಧಿ ಹೊಡೆಯುವ ದಿನಗಳಲ್ಲಿ ಕೊಟ್ಟಿಗೆಯಲ್ಲೇ ಕಟ್ಟಿ. ಚಿರತೆ ಹಿಡಿದರೆ ಅರಣ್ಯ ಇಲಾಖೆಗೆ, ಕರೆಂಟ್ ತಂತಿ ತಗುಲಿದರೆ ಮೆಸ್ಕಾಂಗೆ ಬೇರೆ ಅರ್ಜಿ ಹಾಕಬೇಕು, ಎರಡಕ್ಕೂ ಸ್ಥಳ ಮಹಜರು ಬೇಕು.

ಶಾಶ್ವತ ಅಸಮರ್ಥತೆ, ಅಂದರೆ ಹಸು ಪೂರ್ತಿ ಬತ್ತುವುದು ಅಥವಾ ಗಬ್ಬವೇ ನಿಲ್ಲದಿರುವುದು, ಹೆಚ್ಚುವರಿ ಕಂತಿನ ಮೇಲೆ ಸೇರಿಸುವ ಬಾಬ್ತು. ಸಿಗುವುದು ಮೊತ್ತದ ಶೇ 75. ಕೆಚ್ಚಲು ಬಾವಿನಿಂದ ಒಂದು ಮೊಲೆ ಹೋದರೆ ಇದರಲ್ಲಿ ಬರುವುದಿಲ್ಲ. ಕೃತಕ ಗರ್ಭಧಾರಣೆಯ ಚೀಟಿ, ಚಿಕಿತ್ಸೆಯ ದಾಖಲೆ ಒಂದೂ ಬಿಡದೆ ಇಟ್ಟವರಿಗೆ ಮಾತ್ರ ಇದು ಕೈಗೆ ಹತ್ತುತ್ತದೆ. ಉಳಿದವರು ಆ ದುಡ್ಡು ಉಳಿಸಿಕೊಳ್ಳುವುದೇ ವಾಸಿ.

ಇಲ್ಲಿನ ನಾಟಿ ತಳಿಯಾದ ಮಲೆನಾಡು ಗಿಡ್ಡಕ್ಕೆ ವಿಮೆ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಕಾಯಿಲೆ ಕಡಿಮೆ, ಬೆಲೆಯೂ ಕಡಿಮೆ. ದಿನವಿಡೀ ಕಾಡಲ್ಲಿರುವುದರಿಂದ ಓಲೆ ನಿಲ್ಲುವುದು ಕಷ್ಟ. ಇಲಾಖೆಯ ದಾರಿಯಲ್ಲಿ ಕಂತು ತೀರಾ ಚಿಲ್ಲರೆ ಆದರೆ ಮಾತ್ರ ನೋಡಬಹುದು.

ಬ್ಯಾಂಕು, ದೂರು

ಸಾಲದ ಹಸುವಾದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆ, ಪರಿಹಾರ ಮೊದಲು ಸಾಲದ ಖಾತೆಗೆ ಹೋಗುತ್ತದೆ. ಎರಡನೇ ವರ್ಷದ ನವೀಕರಣ ಆಗಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ನೋಡಿ. ಆಗಿರುತ್ತದೆ ಅಂತ ನಂಬಿ ಕೂತರೆ ಕೆಟ್ಟಿರಿ. ಹಸು ಕೊಂಡಾಗ ಹಳೆಯ ಮಾಲೀಕರ ಪಾಲಿಸಿ ಇನ್ನೂ ಉಳಿದಿದ್ದರೆ ಅದನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ.

ಕ್ಲೈಮ್ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು, ಶುಲ್ಕವಿಲ್ಲ, ವಕೀಲರೂ ಬೇಡ. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255. ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ ಇನ್ನೊಂದು ದಾರಿ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಕಂಪನಿಗೆ ಸಾವು ತಿಳಿಸಿದ ಹೊತ್ತಿನ ದಾಖಲೆ, ಆಮೇಲೆ ಕಿವಿಯಲ್ಲಿ ಓಲೆ ಇರುವ ಫೋಟೊ.